ಮಕ್ಕಳ ವೇಷದ ಬಾಡಿಗೆ 850 ಆದದ್ದು ಯಾಕೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಅಪ್ಪ ಅಮ್ಮಂದಿರೇ, ಯಕ್ಷಗಾನ ಕಲಿಸುವ ಮಾಸ್ಟ್ರೇ,

ಕಾಸರಗೋಡು ಪೇಟೆಯ ಬೇಸಗೆ ಕಲೋತ್ಸವಕ್ಕೆ ಮಕ್ಕಳ ಒಂದು ಯಕ್ಷಗಾನ ವೇಷಕ್ಕೆ 700 ರೂಪಾಯಿ ತೆಗೆದುಕೊಳ್ಳುತ್ತಿದ್ದೆವು. ಈ ಸಲದಿಂದ 850. ಇದನ್ನು ಮೊದಲೇ ತಿಳಿಸಬೇಕಿತ್ತು. ಬುಕ್ ಮಾಡಲು ಫೋನ್ ಮಾಡಿದಾಗಲೇ ಹಲವರಿಗೆ ಗೊತ್ತಾಯಿತು. ಅದು ನಮ್ಮ ತಪ್ಪು, ಕ್ಷಮಿಸಿ.

ಆದರೆ ಹೋದಲ್ಲೆಲ್ಲ ಒಂದೇ ಮಾತು ಕೇಳುತ್ತಿದ್ದೇವೆ: "ಇಷ್ಟು ಸಣ್ಣ ಮಗುವಿಗೂ ದೊಡ್ಡವರಷ್ಟೇ ಬಾಡಿಗೆಯಾ?" ಇದಕ್ಕೆ ಉತ್ತರ ಕೊಡದೆ ನಮಗೆ ಸಮಾಧಾನ ಇಲ್ಲ.

ಎದೆಪದಕ, ಭುಜಕೀರ್ತಿ, ಕೈಕಟ್ಟು, ಡಾಬು, ಗೆಜ್ಜೆ. ದೊಡ್ಡವರಿಗೆ ಎಷ್ಟು ಸಾಮಾನು ಬೇಕೋ ಮಕ್ಕಳಿಗೂ ಅಷ್ಟೇ ಬೇಕು. ಸಣ್ಣ ಕಿರೀಟಕ್ಕೆ ಮರ ಸ್ವಲ್ಪ ಕಡಿಮೆ ಸಾಕು, ನಿಜ. ಆದರೆ ಕೆತ್ತುವವರಿಗೆ, ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುವವರಿಗೆ ಕೆಲಸ ಕಡಿಮೆ ಆಗುವುದಿಲ್ಲ. ದೊಡ್ಡವರ ಸೆಟ್ಟು ದೀಪಾವಳಿ ಕಳೆದ ಮೇಲೆ ಪತ್ತನಾಜೆವರೆಗೂ, ಅಂದರೆ ಮೇ ಕೊನೆಗೆ ಯಕ್ಷಗಾನ ಮೇಳಗಳು ಊರೂರು ತಿರುಗಿ ಆಟ ಮುಗಿಸುವ ದಿನದವರೆಗೂ, ದುಡಿಯುತ್ತದೆ. ಮಕ್ಕಳದ್ದು ಏಪ್ರಿಲ್, ಮೇ ರಜೆಯಲ್ಲಿ, ಮತ್ತೆ ಶಾಲೆಯ ವಾರ್ಷಿಕೋತ್ಸವಕ್ಕೆ. ಉಳಿದ ದಿನವೆಲ್ಲ ಪೆಟ್ಟಿಗೆಯಲ್ಲೇ. ನಮ್ಮೂರಿನ ಮಳೆಗಾಲ ಗೊತ್ತಲ್ವಾ? ಎರಡು ವಾರ ಪೆಟ್ಟಿಗೆ ತೆರೆಯದಿದ್ದರೆ ಜರಿ ಕಪ್ಪಾಗುತ್ತದೆ, ವೆಲ್ವೆಟ್ ಮೇಲೆ ಬೂಸ್ಟು ಬರುತ್ತದೆ. ಬಾಡಿಗೆ ಬರಲಿ ಬಿಡಲಿ, ಬಿಸಿಲು ಕಂಡ ದಿನ ಎಲ್ಲ ಹೊರಗೆ ಹಾಕಿ ಒಣಗಿಸಲೇಬೇಕು.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದೆ ಕಲೋತ್ಸವದ ಕೊನೆಯ ದಿನ ರಾತ್ರಿಯಿಡೀ ಯಕ್ಷಗಾನ ಆಟ ಇರುತ್ತಿತ್ತು. ರಾತ್ರಿ ಅಭಿಮನ್ಯು ಕಟ್ಟಿದ ಡಾಬು ಬೆಳಗಿನ ಜಾವ ಬಬ್ರುವಾಹನನ ಸೊಂಟಕ್ಕೆ ಬರುತ್ತಿತ್ತು. ಈಗ ರಾತ್ರಿ 10ಕ್ಕೆ ಮೈಕ್ ಬಂದ್ ಮಾಡಬೇಕು. 2000ದ ಶಬ್ದ ಮಾಲಿನ್ಯ ನಿಯಮದಂತೆ ಬಯಲಿನಲ್ಲಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಊರಿನವರಿಗೂ ನಿದ್ದೆ ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಸಂಜೆ 4ರಿಂದ 10ರೊಳಗೆ ಮೂರು ತಂಡದ ಮಕ್ಕಳು ಕುಣಿಯುವುದಾದರೆ ಎಲ್ಲರಿಗೂ ಒಟ್ಟಿಗೇ ವೇಷ ಕಟ್ಟಬೇಕು. ಒಂದು ಸೆಟ್ಟು ಸಾಕಾಗುತ್ತಿದ್ದಲ್ಲಿ ಈಗ ಮೂರು ಬೇಕು. ಕಟ್ಟುವ ಜನವೂ ಹಾಗೆಯೇ. ಅವರಾದರೂ ಸುಲಭಕ್ಕೆ ಸಿಗುತ್ತಾರಾ? ಮೇ 24ರ ಆಸುಪಾಸಿನಲ್ಲಿ ಪತ್ತನಾಜೆ ಬಂದು ಮೇಳಗಳ ತಿರುಗಾಟ ಮುಗಿಯುವವರೆಗೆ ಅವರಿಗೆ ಪುರುಸೊತ್ತೇ ಇಲ್ಲ. ಆ ಸಮಯದಲ್ಲಿ ಕರೆಸಿದರೆ ಜಾಸ್ತಿ ಸಂಬಳ ಕೊಡಲೇಬೇಕು, ಅದು ನ್ಯಾಯವೂ ಹೌದು.

ಕಳೆದ ವರ್ಷ ಇದ್ದದ್ದರಲ್ಲೇ ಸುಧಾರಿಸಲು ಹೋಗಿ ಎಡವಿದೆವು. ಕೊನೆಯ ತಂಡದ ಒಬ್ಬಳು ಹುಡುಗಿಗೆ ಗೆಜ್ಜೆ ಸಾಲಲಿಲ್ಲ. ಚೌಕಿಯ (ವೇಷ ಕಟ್ಟುವ ಕೋಣೆಯ) ಬಾಗಿಲಲ್ಲಿ ನಿಂತು, ರಂಗಸ್ಥಳದಲ್ಲಿ ಕುಣಿಯುತ್ತಿದ್ದ ಹುಡುಗನ ಕಾಲನ್ನೇ ನೋಡುತ್ತಿದ್ದಳು. ಮುಖದ ಬಣ್ಣ ಹಾಳಾದೀತೆಂದು ಅಳುವನ್ನೂ ತಡೆದುಕೊಂಡಿದ್ದಳು. ಅವನು ಒಳಗೆ ಬಂದ ಮೇಲೆ ಬಿಚ್ಚಿ ಇವಳಿಗೆ ಕಟ್ಟಿದೆವು. ಅಷ್ಟರಲ್ಲಿ ಅವಳ ಪದ ಅರ್ಧ ಮುಗಿದಿತ್ತು. ಆ ದಿನ ನಮಗೆ ಊಟ ಸೇರಲಿಲ್ಲ. ಸಾಲ ಮಾಡಿ ಹೊಸ ಸೆಟ್ಟುಗಳನ್ನು ಮಾಡಿಸಿದ್ದೇವೆ. ಹೆಚ್ಚಿಸಿದ 150 ರೂಪಾಯಿ ಮುಖ್ಯವಾಗಿ ಅದಕ್ಕೇ ಹೋಗುತ್ತದೆ.

ಬಣ್ಣ ಕಲಸಲೂ ತೆಂಗಿನೆಣ್ಣೆ, ಆಟ ಮುಗಿದ ಮೇಲೆ ಒರೆಸಲೂ ತೆಂಗಿನೆಣ್ಣೆ. 2025ರಲ್ಲಿ ಅದು ಕಿಲೋಗೆ 400 ರೂಪಾಯಿ ದಾಟಿದ್ದು ನಿಮ್ಮ ಅಡುಗೆಮನೆಗೂ ಗೊತ್ತು. ಅಗ್ಗದ ಎಣ್ಣೆ ಹಾಕಿ ಎಂದವರಿದ್ದಾರೆ. ಮಕ್ಕಳ ಮುಖಕ್ಕೆ ನಾವು ಅದನ್ನು ಹಾಕುವುದಿಲ್ಲ.

ರಟ್ಟಿನ ಕಿರೀಟ ಕೊಟ್ಟರೆ ಖರ್ಚು ಉಳಿಯುತ್ತದೆ. ಆದರೆ ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲೇ ಹತ್ತಿರ ಇದೆ. ಮಲಯಾಳಂ ಮೀಡಿಯಂನಲ್ಲಿ ಓದುವ ಮಕ್ಕಳು ಕೂಡ ಕನ್ನಡದ ಅರ್ಥ (ಪಾತ್ರದ ಮಾತು) ಬಾಯಿಪಾಠ ಮಾಡಿ ವೇಷ ಹಾಕಲು ಬರುತ್ತಿದ್ದಾರೆ. ಅವರ ತಲೆಗೆ ರಟ್ಟು ಕಟ್ಟಲು ಮನಸ್ಸು ಬರುವುದಿಲ್ಲ.

ಈಗಾಗಲೇ ಬುಕ್ ಮಾಡಿದವರಿಗೆ 700 ಮಾತ್ರ, ಹೇಳಿದ ಮಾತು ತಪ್ಪುವುದಿಲ್ಲ. ದುಡ್ಡಿಲ್ಲವೆಂದು ಯಾವ ಮಗುವೂ ವೇಷ ಬಿಡಬಾರದು. ಮಾಸ್ಟ್ರ ಹತ್ತಿರ ಒಂದು ಮಾತು ಹೇಳಿ. ಬೇರೆ ಯಾರಿಗೂ ಗೊತ್ತಾಗದ ಹಾಗೆ ನಾವು ನೋಡಿಕೊಳ್ಳುತ್ತೇವೆ.

ಆಟದ ದಿನ ಮಕ್ಕಳಿಗೆ ಊಟ ಮಾಡಿಸಿ, ಹಳೆಯ ಬನಿಯನ್ ಹಾಕಿಸಿ, ಮಧ್ಯಾಹ್ನ 2ಕ್ಕೆ ಚೌಕಿಗೆ ಕರೆದುಕೊಂಡು ಬನ್ನಿ. ತಡ ಮಾಡಬೇಡಿ. ಬಣ್ಣ ಹಚ್ಚುವಾಗ ಸಣ್ಣ ಮಕ್ಕಳಿಗೆ ನಿದ್ದೆ ಬರುತ್ತದೆ, ಎಬ್ಬಿಸಿ ಎಬ್ಬಿಸಿ ಹಚ್ಚಲು ಸಮಯ ಬೇಕು.

ನಿಮ್ಮ,
ವೇಷಭೂಷಣ ಸಹಕಾರ ತಂಡದ ಎಲ್ಲರೂ