ಸಂಪಾದಕರ ಮಾತು: ಬಾಗಿಲ ಹೊರಗಿನ ಕಾಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಸುದ್ದಿಪತ್ರದ ಸಂಕ್ರಾಂತಿ ಸಂಚಿಕೆ ಎಲ್ಲಿ ಅಂತ ಕೇಳಿ ಹದಿನಾಲ್ಕು ಮೇಲ್ ಬಂದಿದ್ದವು. ಸಂಚಿಕೆ ಬರಲಿಲ್ಲ, ಯಾಕೆಂದರೆ ಬರೆಯುವವಳು ಊರಲ್ಲಿರಲಿಲ್ಲ. ಹಾಗಾಗಿ ಸಂಕ್ರಾಂತಿ, ಯುಗಾದಿ ಎರಡೂ ಸೇರಿ ಇದೊಂದೇ ಸಂಚಿಕೆ. ಎಳ್ಳೂ ಇದೆ, ಬೇವೂ ಇದೆ. ಪುಟ ಕಟ್ಟಿದ್ದು, ಜಾಹೀರಾತು ತಂದಿದ್ದು, ನನ್ನ ಬೈಗುಳವನ್ನು ಫೋನಿನಲ್ಲೇ ಕೇಳಿಸಿಕೊಂಡಿದ್ದು ಎಲ್ಲಾ ಸಮಿತಿಯ ಹುಡುಗರು. ಅವರಿಗೆ ಥ್ಯಾಂಕ್ಸ್.

ಜನವರಿ 9ರಿಂದ ಮಾರ್ಚ್ 11ರ ತನಕ, ಅಂದರೆ 61 ದಿನ, ನಾನು, ನಮ್ಮನೆಯವರು ಇಬ್ಬರೂ ಇಲ್ಲಿ ಅಮೆರಿಕದಿಂದ ಹೋಗಿ ಪುಣೆಯಲ್ಲಿದ್ದೆವು. ಹೋಗುವಾಗ ಇಬ್ಬರು, ಬರುವಾಗ ನಾಲ್ವರು. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಅಕ್ಕ ತಮ್ಮ. ಇಷ್ಟು ಸುದ್ದಿ ನಿಮಗೆಲ್ಲ ಆಗಲೇ ಮುಟ್ಟಿದೆ, ನಮ್ಮ ವಾಟ್ಸಾಪ್ ಗುಂಪು ಇರುವಾಗ ಸುದ್ದಿಪತ್ರ ಯಾಕೆ ಬೇಕು ಹೇಳಿ. ಹೆಸರು, ಫೋಟೋ ಹಾಕಿಲ್ಲ. ದತ್ತು ಮಕ್ಕಳ ಗುರುತು ಬಯಲು ಮಾಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಹಾಕುತ್ತಿರಲಿಲ್ಲ.

ಅಷ್ಟು ದಿನ ಯಾಕೆ ಅಂತ ಕೇಳಿದವರಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ದೇಶದಿಂದ ದೇಶಕ್ಕೆ ದತ್ತು ಕೊಡುವುದರ ಬಗ್ಗೆ ಹೇಗ್ ಒಪ್ಪಂದ ಅಂತ 1993ರದ್ದು ಒಂದಿದೆ, ಭಾರತ ಅದಕ್ಕೆ 2003ರಲ್ಲಿ ಸೇರಿತು, ಅಮೆರಿಕವೂ ಅದರಲ್ಲಿದೆ, ಹಾಗಾಗಿ ಎರಡೂ ದೇಶ ಹೂಂ ಅನ್ನಬೇಕು. ದಿಲ್ಲಿಯ ಕಾರಾದಿಂದ, ಅಂದರೆ ಕೇಂದ್ರ ದತ್ತು ಪ್ರಾಧಿಕಾರದಿಂದ, ನಿರಾಕ್ಷೇಪಣಾ ಪತ್ರ ಬರಬೇಕು. ಆಮೇಲೆ ಜಿಲ್ಲಾಧಿಕಾರಿಯ ಆದೇಶ. ಇದು ಮೊದಲು ಕೋರ್ಟಿನ ಕೆಲಸವಾಗಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗೆ ಬಂದಿದೆ. ಅದಾದ ಮೇಲೆ ಹೇಗ್ ಪ್ರಕಾರವೇ ಎಲ್ಲ ನಡೆದಿದೆ ಅನ್ನುವ ಪ್ರಮಾಣಪತ್ರ, ಜನನ ಪತ್ರ, ಪಾಸ್‌ಪೋರ್ಟ್, ಎರಡು ವರ್ಷ ದಾಟಿದ ಮಕ್ಕಳಿಗೆ ಟೀಬಿ ರಕ್ತಪರೀಕ್ಷೆ, ಕೊನೆಗೆ ದಿಲ್ಲಿಗೆ ಹೋಗಿ ವೀಸಾ. ನಡುವೆ ಒಂದು ಕಚೇರಿಯವರು ಮಗನ ಹೆಸರಿಗೆ ಒಂದು ‘ಎಚ್’ ಜಾಸ್ತಿ ಸೇರಿಸಿದರು. ಆ ಎಚ್ ತೆಗೆಸಲು 9 ದಿನ.

ಆದರೆ ನಿಯಮದಲ್ಲಿ ಒಂದು ಒಳ್ಳೆಯ ಕಿಂಡಿ ಇದೆ. ನಿರಾಕ್ಷೇಪಣಾ ಪತ್ರ ಬಂದ ಮೇಲೆ, ಆದೇಶಕ್ಕೆ ಕಾಯುತ್ತಿರುವಾಗಲೇ, ಬರೆದುಕೊಟ್ಟು ಮಕ್ಕಳನ್ನು ನಮ್ಮ ಜೊತೆ ಇಟ್ಟುಕೊಳ್ಳಬಹುದು. ಭಾರತ ಬಿಟ್ಟು ಹೋಗುವಂತಿಲ್ಲ ಅಷ್ಟೇ. ಎಲ್ಲಾ ಕಾಗದ ಆದ ಮೇಲೆ ಹೋಗಿ ಕರೆದುಕೊಂಡು ಬಂದರೂ ನಡೆಯುತ್ತಿತ್ತು, ಟಿಕೆಟ್ ದುಡ್ಡು, ರಜೆ ಎರಡೂ ಉಳಿಯುತ್ತಿದ್ದವು. ನಾವು ಮೊದಲೇ ಹೋದೆವು. ನಾನು ಇಲ್ಲಿನ ಕಾನೂನು ಕೊಡುವ 12 ವಾರದ ಸಂಬಳವಿಲ್ಲದ ರಜೆ ಹಾಕಿದೆ. ನಮ್ಮನೆಯವರು ರಜೆ ಉಳಿಸಿಕೊಂಡು, ಪುಣೆಯಿಂದಲೇ ಸಂಜೆ ಏಳೂವರೆಗೆ ಲಾಗಿನ್ ಆಗಿ ಬೆಳಗಿನ ಜಾವದ ತನಕ ಕೆಲಸ ಮಾಡಿದರು. ಮಕ್ಕಳ ಕಣ್ಣಲ್ಲಿ ಅವರು ಹಗಲೆಲ್ಲಾ ಮಲಗುವ ಕಾಕಾ.

ಹೌದು, ಕಾಕಾ. ಮಕ್ಕಳು ಮೊದಲಿದ್ದ ಸಂಸ್ಥೆಯಲ್ಲಿ ನೋಡಿಕೊಳ್ಳುವ ಹೆಂಗಸರೆಲ್ಲ ಮಾವ್ಶಿ, ಬರುವ ಹೋಗುವ ಗಂಡಸರೆಲ್ಲ ಕಾಕಾ. ನಾನು ಇನ್ನೊಬ್ಬ ಮಾವ್ಶಿ, ಸ್ವಲ್ಪ ಬೇರೆ ಥರ ಮಾತಾಡುವವಳು. ನಮ್ಮನೆಯವರು ಧಾರವಾಡದವರು, ಅವರ ಕಡೆ ಮಾವಶಿ ಅಂದರೆ ಚಿಕ್ಕಮ್ಮ, ಕಾಕಾ ಅಂದರೆ ಚಿಕ್ಕಪ್ಪ. “ನೀ ಚಿಕ್ಕಮ್ಮ ಆದಿ, ನಾ ಚಿಕ್ಕಪ್ಪ ಆದೆ, ಇನ್ನ ಅವ್ವ ಅಪ್ಪ ಯಾವಾಗ ಬರ್ತಾರೋ” ಅಂತ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಪುಣೆಯ ಕೋಥ್‌ರೂಡಿನಲ್ಲಿ ಮೂರನೇ ಮಹಡಿಯ ಬಾಡಿಗೆ ಫ್ಲ್ಯಾಟು. ಎರಡು ಕೋಣೆ. ಮಕ್ಕಳ ಕೋಣೆಗೆ ಅಂತ ಅಮೆರಿಕದಿಂದ ಹೊತ್ತುಕೊಂಡು ಹೋಗಿದ್ದ ಹೊಸ ಚಾದರ, ರಾತ್ರಿ ದೀಪ ಎಲ್ಲ ಮೊದಲ ರಾತ್ರಿಯೇ ದಂಡವಾಯಿತು. ಸಾಲಾಗಿ ಹತ್ತು ಮಕ್ಕಳ ಜೊತೆ ಮಲಗಿ ಅಭ್ಯಾಸವಾದವರಿಗೆ ಬೇರೆ ಕೋಣೆ ಕೊಟ್ಟರೆ ಅದು ಶಿಕ್ಷೆ. ಹಾಸಿಗೆಗಳನ್ನೆಲ್ಲ ನೆಲಕ್ಕೆ ಎಳೆದು ಒಟ್ಟಿಗೆ ಮಲಗಿದೆವು. ದಿಂಬಿನ ಕೆಳಗೆ ಅರ್ಧ ಚಪಾತಿ ಸಿಕ್ಕಿತು. ಅಲ್ಲಿನ ಸಮಾಜಸೇವಕಿ ಮೊದಲೇ ಎಚ್ಚರಿಸಿದ್ದರು, ಬೈಯಬೇಡಿ, ಕಸಿದುಕೊಳ್ಳಬೇಡಿ, ತಲೆಯ ಹತ್ತಿರ ಒಂದು ಡಬ್ಬಿ ಇಡಿ, ಅದು ಯಾವತ್ತೂ ಖಾಲಿ ಇರಬಾರದು ಅಂತ. ಇಟ್ಟೆವು. ಬಿಸ್ಕತ್ತು, ಚುರುಮುರಿ. ಮಗಳು ರಾತ್ರಿ ಎರಡು ಸಲ ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದಳು, ತಿನ್ನುತ್ತಿರಲಿಲ್ಲ, ಮುಚ್ಚಿ ಮಲಗುತ್ತಿದ್ದಳು.

ಊಟದ ವಿಷಯ ಹೇಳಲೇಬೇಕು. ಮೊದಲ ರಾತ್ರಿ ವರಣ್ ಭಾತ್ ಮಾಡಿದೆ, ಅಂದರೆ ಸಪ್ಪೆ ತೊವ್ವೆ, ಅನ್ನ, ಮೇಲೆ ತುಪ್ಪ. ತುಪ್ಪಕ್ಕೆ ಮರಾಠಿಯಲ್ಲಿ ತೂಪ್, ನನಗೆ ಬರುತ್ತಿದ್ದ ಮರಾಠಿ ಹೆಚ್ಚುಕಡಿಮೆ ಅಷ್ಟೇ. ಮಗನಿಗೆ ಕಲಸಿ ತುತ್ತು ಮಾಡಿ ಬಾಯಿ ಹತ್ತಿರ ಒಯ್ದೆ. ಮಗಳು ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ ಅಲ್ಲ, ಸುಮ್ನೆ ಹಿಡಿದಳು. ತಟ್ಟೆ ತನ್ನ ಕಡೆ ಎಳೆದುಕೊಂಡಳು. ಒಂದು ತುತ್ತು ತಾನು ತಿಂದು, ಬಿಸಿ ಎಷ್ಟಿದೆ ನೋಡಿ, ಊದಿ, ಆಮೇಲೆ ಅವನಿಗೆ ಕೊಟ್ಟಳು. ನುಂಗಿದ ಮೇಲೆ ಬಾಯಿ ತೆಗೆಸಿ ನೋಡಿದಳು. ಅವನ ಊಟ ಮುಗಿಯುವ ತನಕ ತಾನು ಕೂರಲಿಲ್ಲ.

ಅವನು ಅವಳನ್ನು ಕರೆಯುವುದು ತಾಈ ಅಂತ. ಮರಾಠಿಯಲ್ಲಿ ಅದು ಅಕ್ಕ. ನನ್ನ ಕನ್ನಡದ ಕಿವಿಗೆ ಬೀಳುತ್ತಿದ್ದುದು ತಾಯಿ ಅಂತಲೇ, ಮತ್ತು ಆ ಮನೆಯಲ್ಲಿ ಆಗ ತಾಯಿ ಇದ್ದಿದ್ದು ಅವಳೊಬ್ಬಳೇ. ನಾನು ಪುಸ್ತಕ ಓದಿ, ವಿಡಿಯೋ ನೋಡಿ, ಮಕ್ಕಳಿಗೆ ಪ್ರೀತಿ ಕೊಡಬೇಕು ಅಂತ ತಯಾರಾಗಿ ಹೋದವಳು. ಅಲ್ಲಿ ಕೊಡುವುದಕ್ಕಿಂತ ಮೊದಲು ಆರು ವರ್ಷದವಳ ಕೈಯಿಂದ ಅನುಮತಿ ಬರಬೇಕಿತ್ತು, ಅದಕ್ಕೆ ಯಾವ ಅರ್ಜಿ ನಮೂನೆಯೂ ಇರಲಿಲ್ಲ. ದಿನಾ ಮೂರು ಹೊತ್ತು ತಟ್ಟೆ ಅವಳ ಮುಂದೆ ಇಟ್ಟೆ. ಪಕ್ಕದಲ್ಲಿ ಕೂತೆ. ಹತ್ತನೇ ದಿನ ಹೊತ್ತಿಗೆ ಕಲಸುವ ಕೆಲಸ ನನಗೆ ಬಂತು. ತಿನ್ನಿಸುವುದು ಇನ್ನೂ ಅವಳೇ. ಇಪ್ಪತ್ತಮೂರನೇ ದಿನ, ಟೀವಿಯಲ್ಲಿ ಏನೋ ಬರುತ್ತಿತ್ತು, ತಟ್ಟೆಯನ್ನು ನನ್ನ ಕಡೆ ತಳ್ಳಿ ಟೀವಿ ನೋಡಲು ಹೋದಳು. ಎರಡು ತುತ್ತು ಕೊಟ್ಟೆ. ತಿರುಗಿ ನೋಡಿದಳು. ಮತ್ತೆ ಟೀವಿ ಕಡೆ ತಿರುಗಿದಳು.

ಮಗನದು ಇದರ ತದ್ವಿರುದ್ಧ. ಯಾರು ಕೈ ಚಾಚಿದರೂ ಹೋಗುತ್ತಿದ್ದ. ಸಾರಸ್ ಬಾಗ್ ಪಾರ್ಕಿನಲ್ಲಿ ಭೇಳ್ ತಿನ್ನುತ್ತಿದ್ದ ಗುರುತೇ ಇಲ್ಲದ ಹೆಂಗಸಿನ ಮುಂದೆ ನಿಂತು ಎತ್ತಿಕೋ ಅಂತ ಕೈ ಎತ್ತಿದ, ಆಕೆ ಎಷ್ಟು ಮುದ್ದು, ಎಷ್ಟು ಬೇಗ ಹೊಂದಿಕೊಳ್ಳುತ್ತಾನೆ ಅಂತ ಎತ್ತಿಕೊಂಡಳು, ನಾನು ನಕ್ಕೆ, ಹೊಟ್ಟೆಯೊಳಗೆ ಕಲ್ಲು. ಎಲ್ಲರ ಹತ್ತಿರ ಹೋಗುವ ಮಗು ಅಂದರೆ ತನ್ನವರು ಯಾರು ಅಂತ ಇನ್ನೂ ಗೊತ್ತಿಲ್ಲದ ಮಗು. ಬಿದ್ದರೆ ಅಳುತ್ತಲೂ ಇರಲಿಲ್ಲ. ಎದ್ದು ಮಣ್ಣು ಒರೆಸಿಕೊಂಡು ಹೋಗುತ್ತಿದ್ದ, ಅಳುವುದರಿಂದ ಯಾರೂ ಬರುವುದಿಲ್ಲ ಅಂತ ಕಲಿತುಬಿಟ್ಟವರ ಹಾಗೆ. ಫೆಬ್ರವರಿ ಕೊನೆಗೆ ಅದೇ ಸಾರಸ್ ಬಾಗಿನ ಮೆಟ್ಟಿಲ ಹತ್ತಿರ ಮುಗ್ಗರಿಸಿ ಬಿದ್ದ. ಎದ್ದ. ಮೊಣಕಾಲು ನೋಡಿಕೊಂಡ. ಸುತ್ತ ನೋಡಿದ, ನಾನು ಎಲ್ಲಿದ್ದೇನೆ ಅಂತ ಹುಡುಕಿದ, ಸಿಕ್ಕಿದೆ, ಆಗ ಜೋರಾಗಿ ಅಳಲು ಶುರುಮಾಡಿದ. ಅಂಥಾ ಸಂತೋಷ ನನಗೆ ಗ್ರೀನ್ ಕಾರ್ಡ್ ಬಂದಾಗಲೂ ಆಗಿರಲಿಲ್ಲ.

ಕೆಳಗಿನ ಮಹಡಿಯಲ್ಲಿ ವಿಜಯಪುರ ಕಡೆಯ ಒಬ್ಬ ಅಜ್ಜಿ. ಪುಣೆಗೆ ಬಂದು ಐವತ್ತು ವರ್ಷ ಆಗಿದೆಯಂತೆ, ಮರಾಠಿಯಲ್ಲೇ ಜಗಳ, ಕನ್ನಡದಲ್ಲೇ ದೇವರ ಪೂಜೆ. ನಾವು ಬಂದ ಎರಡನೇ ದಿನ ಶೇಂಗಾ ಉಂಡೆ ತಂದು ನೇರ ಮಗನ ಬಾಯಿಗೇ ಹಿಡಿದರು. ನಾನು ಅಡ್ಡ ಬಂದೆ. ಒಂದಷ್ಟು ದಿನ ತಿನ್ನಲು ಕೊಡುವುದು ನಾವಿಬ್ಬರೇ ಅಜ್ಜಿ, ಹಾಗಂತ ಹೇಳಿದ್ದಾರೆ ಅಂದೆ. ಮುಖ ಸಣ್ಣದಾಯಿತು. ಜಾತಿಗೀತಿ ಅಂದುಕೊಂಡರೋ ಏನೋ, ನಾಲ್ಕು ದಿನ ಮಾತಿಲ್ಲ. ಐದನೇ ದಿನ ಡಬ್ಬಿ ನನ್ನ ಕೈಗೆ ತುರುಕಿ, “ತಗೋ, ನೀನೇ ಕೊಡು, ನಾ ಇಲ್ಲೇ ನಿಂತು ನೋಡ್ತೀನಿ” ಅಂದರು. ಆಮೇಲೆ ದಿನಾ ಜೋಳದ ರೊಟ್ಟಿ ನನ್ನ ಕೈ ದಾಟಿಯೇ ಹೋಗುತ್ತಿತ್ತು.

ಇನ್ನು ಕಥೆ. ಮೂರನೇ ರಾತ್ರಿ ಮಗಳು ತಮ್ಮನಿಗೆ ಏನೋ ಹೇಳುತ್ತಿದ್ದಳು. ಚಿಉತಾಈ, ಚಿಉತಾಈ, ದಾರ್ ಉಘಡ್. ಥಾಂಬ್, ಬಾಳಾಲಾ ಆಂಘೋಳ್ ಘಾಲತೇ. ಚಿಮಣಿ ಅಂತಲೂ ಕೇಳಿಸಿತು, ಇದೇನು ಸೀಮೆಎಣ್ಣೆ ಬುಡ್ಡಿಯ ಕಥೆ ಅಂದುಕೊಂಡೆ. ಚಿಮಣಿ ಅಂದರೆ ಗುಬ್ಬಿ! ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆ ಕಣ್ರೀ, ನಿಮಗೂ ಗೊತ್ತಿರುವುದೇ. ಮಳೆಗೆ ಕಾಗೆಯ ಸಗಣಿ ಮನೆ ಕೊಚ್ಚಿಹೋಗುತ್ತದೆ, ಅದು ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ, ಗುಬ್ಬಿ ತಡಿ, ಮಗೂಗೆ ಸ್ನಾನ ಮಾಡಿಸ್ತಿದೀನಿ, ತಡಿ, ಪೌಡರ್ ಹಚ್ತಿದೀನಿ ಅಂತ ಹೇಳುತ್ತಲೇ ಇರುತ್ತದೆ. ಶಿರಸಿಯ ನನ್ನಜ್ಜಿ ಹೇಳಿದ ಕಥೆಯಲ್ಲಿ ಗುಬ್ಬಿಯ ಮನೆ ಕಲ್ಲಿನದು, ಇವಳ ಗುಬ್ಬಿಯದು ಮೇಣದ ಮನೆ. ಬಾಕಿ ಎಲ್ಲ ಒಂದೇ. ನಾನು ಕತ್ತಲಲ್ಲೇ, “ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ” ಅಂದೆ. ಒಂದು ಗಳಿಗೆ ಮೌನ. ಆಮೇಲೆ ಚಾದರದೊಳಗಿಂದ, “ಥಾಂಬ್!”

ಅವತ್ತಿನಿಂದ ಅದೇ ಆಟ. ಕೋಣೆಯೊಳಗೆ ಅವಳು ಗುಬ್ಬಿ, ಅವನು ಮರಿ, ಬಾಗಿಲ ಹೊರಗೆ ನಾನು ಕಾಗೆ. ಕೆಲವು ಸಲ ಹತ್ತು ನಿಮಿಷ ಕಾಯಿಸುತ್ತಿದ್ದಳು, ನಾನು ಹಜಾರದ ತಣ್ಣನೆ ಟೈಲ್ಸ್ ಮೇಲೆ ಕೂತು ಬಾಗಿಲಿಗೆ ಒರಗಿಕೊಂಡು ಕಾಯುತ್ತಿದ್ದೆ. ಬೆಳಗ್ಗೆ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರೂ ಥಾಂಬಾ ಅನ್ನುವುದು. ಇಡೀ ಪುಣೆಯೇ ನನಗೆ ಥಾಂಬಾ ಅನ್ನುತ್ತಿತ್ತು.

ಜಿಲ್ಲಾಧಿಕಾರಿಯ ಮುಂದೆ ಹೋಗಿದ್ದು ಫೆಬ್ರವರಿ ಮೊದಲ ವಾರ. ಮಗುವಿನ ಇಷ್ಟ ಏನು ಅಂತಲೂ ನೋಡಬೇಕು, ಕಾನೂನಿನಲ್ಲೇ ಹಾಗಿದೆ. ಇವರ ಜೊತೆ ಹೋಗ್ತೀಯಾ ಅಂತ ಕೇಳಿದರು. ಅವಳು ತಮ್ಮನೂ ಬರ್ತಾನಾ ಅಂತ ಕೇಳಿದಳು. ಬರ್ತಾನೆ ಅಂದರು. ಹಾಗಾದರೆ ಹೂಂ. ನಮ್ಮ ಹೆಸರೇ ಬರಲಿಲ್ಲ. ಸರಿಯಾಗೇ ಇತ್ತು.

ಅದಾಗಿ ಮೂರು ವಾರಕ್ಕೆ, ಒಂದು ಬೆಳಗ್ಗೆ ನಾನು ಬಚ್ಚಲಲ್ಲಿದ್ದೆ, ತಲೆತುಂಬಾ ಶಾಂಪೂ. ನಮ್ಮನೆಯವರು ಎಂದಿನಂತೆ ಗೊರಕೆ. ಹೊರಬಾಗಿಲು ತಟ್ಟಿದ ಸದ್ದು, ಅಜ್ಜಿ ರೊಟ್ಟಿ ತಂದಿದ್ದರು. ಒಳಗಿಂದ ಮಗಳು ಕೂಗಿದ್ದು ನನಗೆ ನಲ್ಲಿ ಸದ್ದಿನ ನಡುವೆಯೂ ಕೇಳಿಸಿತು. “ಥಾಂಬಾ, ಆಈ ಆಂಘೋಳ್ ಕರತೇಯ್.” ತಡೀರಿ, ಅಮ್ಮ ಸ್ನಾನ ಮಾಡ್ತಿದಾಳೆ. ನನಗೆ ಹೇಳಿದ್ದಲ್ಲ, ಅಜ್ಜಿಗೆ ಹೇಳಿದ್ದು. ನಲ್ಲಿ ನಿಲ್ಲಿಸಿ ಸುಮ್ಮನೆ ನಿಂತೆ. ಕಣ್ಣಿಗೆ ಶಾಂಪೂ ಹೋಯಿತು ಅಂತ ಇಟ್ಟುಕೊಳ್ಳಿ.

ಕನ್ನಡ ಯಾವಾಗ ಕಲಿಸ್ತೀರಿ, ಸಂಪಾದಕಿ ಮನೆಯಲ್ಲೇ ಆಈ ಅಂದರೆ ಹೇಗೆ ಅಂತ ಆಗಲೇ ಇಬ್ಬರು ಕೇಳಿದ್ದಾರೆ. ನಮ್ಮ ಶಿರಸಿ ಹವ್ಯಕರ ಮನೆಗಳಲ್ಲಿ ಅಮ್ಮನಿಗೆ ಆಯಿ ಅಂತಲೇ ಕರೆಯುವುದು, ನಾನೂ ನನ್ನ ಅಮ್ಮನನ್ನು ಹಾಗೇ ಕರೆದವಳು. ಇನ್ನೇನು ಬದಲಾಯಿಸಲಿ? ಮಕ್ಕಳು ಮನೆ, ಊರು, ಗೆಳೆಯರು ಎಲ್ಲಾ ಬಿಟ್ಟು ಬಂದಿದ್ದಾರೆ, ಮರಾಠಿ ಒಂದಾದರೂ ಕೈಯಲ್ಲಿರಲಿ. ಕನ್ನಡ ಎಲ್ಲಿಗೂ ಓಡಿಹೋಗುವುದಿಲ್ಲ, ಮನೆತುಂಬಾ ಬಿದ್ದುಕೊಂಡಿದೆ. ಅಂದಹಾಗೆ ನಾನು ಈ ದೇಶದ ಪ್ರಜೆಯಾಗಲು 17 ವರ್ಷ ಕಾದೆ. ಇವರಿಬ್ಬರೂ ವಿಮಾನ ಇಳಿದು ಒಳಗೆ ಬಿಟ್ಟುಕೊಂಡ ಕೂಡಲೇ ಪ್ರಜೆಗಳು, 2000ದ ಕಾನೂನು ಹಾಗಿದೆ. ಮಗ ಆಗ ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ಮಲಗಿದ್ದ.

ಈಗ ನಿಮ್ಮ ಹತ್ತಿರ ಕೇಳಬೇಕಾದ್ದು. ಯುಗಾದಿ ಊಟಕ್ಕೆ ನಾವು ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮನೆಗೆ ಬರಬೇಕು ಅನ್ನುವವರು ಫೋನ್ ಮಾಡಿ, ಇಬ್ಬಿಬ್ಬರೇ ಬನ್ನಿ. ಮಗ ಕೈ ಎತ್ತುತ್ತಾನೆ, ಎಂಥವರಿಗೂ ಎತ್ತಿಕೊಳ್ಳಬೇಕು ಅನಿಸುತ್ತದೆ, ದಯವಿಟ್ಟು ಎತ್ತಿಕೊಳ್ಳದೆ ಆಈ ಹತ್ರ ಹೋಗು ಅಂತ ನನ್ನ ಕಡೆ ತೋರಿಸಿ. ಲಾಡು ತಂದರೆ ನಮ್ಮ ಕೈಗೆ ಕೊಡಿ, ವಿಜಯಪುರದ ಅಜ್ಜಿಯ ಹಾಗೆ ಪಕ್ಕದಲ್ಲಿ ನಿಂತು ನೋಡಿ. ಇವರ ನಿಜವಾದ ಅಪ್ಪ ಅಮ್ಮ ಯಾರು ಅಂತ ಮಕ್ಕಳ ಎದುರು ಕೇಳಬೇಡಿ, ಹಿಂದೆಯೂ ಕೇಳಬೇಡಿ. ಎಂಥಾ ಪುಣ್ಯದ ಕೆಲಸ ಮಾಡಿದಿರಿ ಅಂತಲೂ ಬೇಡ. ಅಪ್ಪ ಅಮ್ಮ ಆಗಬೇಕು ಅನ್ನಿಸಿತು, ಆದೆವು, ಇದರಲ್ಲಿ ಪುಣ್ಯ ಎಲ್ಲಿ ಬಂತು? ಇನ್ನೆರಡು ವರ್ಷ ಸಮಾಜಸೇವಕಿ ಬಂದು ನೋಡಿ ಭಾರತಕ್ಕೆ ವರದಿ ಕಳಿಸುತ್ತಾರೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ನಮ್ಮ ಪರೀಕ್ಷೆಗೆ ಅಷ್ಟು ಸಾಕು, ನೀವು ಮಾರ್ಕ್ಸ್ ಹಾಕುವುದು ಬೇಡ.

ಜೂನ್ ಪಿಕ್ನಿಕ್ಕಿಗೆ ಬರುತ್ತೇವೆ. ಮುಂದಿನ ಸಂಚಿಕೆಗೆ ಬರಹಗಳನ್ನು ಮೇ 15ರೊಳಗೆ ಕಳಿಸಿ, ಯೂನಿಕೋಡಿನಲ್ಲಿ, ಫೋಟೋ ತೆಗೆದು ಕಳಿಸಬೇಡಿ.

ಹನ್ನೊಂದನೇ ಪುಟದ ಮಕ್ಕಳ ವಿಭಾಗದಲ್ಲಿ ಹೆಸರಿಲ್ಲದ ಒಂದು ಕ್ರೇಯಾನ್ ಚಿತ್ರ ಇದೆ. ಅದರಲ್ಲಿ ಕಾಗೆ ಗುಬ್ಬಿಗಿಂತ ಚಿಕ್ಕದಾಗಿದೆ, ತಲೆಗೆ ಶವರ್ ಕ್ಯಾಪ್ ಹಾಕಿಕೊಂಡು ಮನೆಯೊಳಗೇ ನಿಂತಿದೆ. ಅದು ಮುದ್ರಣದ ತಪ್ಪಲ್ಲ.