ಬಲಕ್ಕೆ ಸರಿದು ಹೋದ ನಿಮಗೆಲ್ಲ

ಈ ಆಯುಧಪೂಜೆಗೆ ನನ್ನ ಟೋಯಿಂಗ್ ಗಾಡಿಗೆ ನಾನೇ ಹೂವು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ತೆಗೆದೆ. ಹೋದ ವರ್ಷ ಮಳೆಗಾಲದಲ್ಲಿ ಹೈವೇ ಬದಿಯಲ್ಲಿ ಕಾರು ಬಡಿದು ಹಾಸಿಗೆ ಹಿಡಿದ ಮೇಲೆ ಕ್ಯಾಬಿನ್ ಹತ್ತಿದ್ದು ಇದೇ ಮೊದಲು. ಬಲಗಾಲಿನಲ್ಲಿ ರಾಡ್ ಇದೆ, ಹತ್ತಿ ಇಳಿಯುವಾಗ ಎಳೆಯುತ್ತದೆ. ಆದರೂ ಕೆಲಸಕ್ಕೆ ಬಂದಿದ್ದೇನೆ. ಇಷ್ಟು ದಿನ ಹೇಳಬೇಕೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಈಗ ಹೇಳಿಬಿಡುತ್ತೇನೆ. ಮನೆಯವರಿಗೆ, ಗೆಳೆಯರಿಗೆ ಎದುರೇ ಹೇಳಬಹುದು. ಆದರೆ ಯಾರ ಋಣ ನನ್ನ ಮೇಲಿದೆಯೋ ಅವರಲ್ಲಿ ಹೆಚ್ಚಿನವರ ಮುಖವನ್ನೇ ನಾನು ನೋಡಿಲ್ಲ. ಅದಕ್ಕೇ ಹೀಗೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಶಿರಾದಿಂದ ಹಿರಿಯೂರಿನ ತನಕ 48ನೇ ರಾಷ್ಟ್ರೀಯ ಹೆದ್ದಾರಿ ನಮಗೆ ಅನ್ನ ಕೊಡುವ ದಾರಿ. ಹಳಬರು ಈಗಲೂ ಎನ್‌ಎಚ್ 4 ಅಂತಲೇ ಅನ್ನುತ್ತಾರೆ. ಪುಣೆ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗುವ ಲೋಡ್ ಲಾರಿ, ಸ್ಲೀಪರ್ ಬಸ್ಸು ರಾತ್ರಿಯೆಲ್ಲ ಇಲ್ಲಿ ಸಾಲುಗಟ್ಟಿರುತ್ತವೆ. ಕೆಟ್ಟು ನಿಂತ ಗಾಡಿಯನ್ನು ಎತ್ತಿಕೊಂಡು ಗ್ಯಾರೇಜಿಗೆ ಸೇರಿಸುವುದು ನನ್ನ ಕೆಲಸ.

ಆ ರಾತ್ರಿ ಜಿಟಿಜಿಟಿ ಮಳೆ. ಟೊಮೆಟೊ ಹೇರಿಕೊಂಡಿದ್ದ ಪಿಕಪ್ ಒಂದು ಎಂಜಿನ್ ಸೀಜ್ ಆಗಿ ಎಡಬದಿಗೆ ನಿಂತಿತ್ತು. ಅಲ್ಲಿ ರಸ್ತೆ ಅಂಚಿನ ಜಾಗ ಸಾಲದು, ಗಾಡಿಯ ಬಲಭಾಗ ಲೇನಿನೊಳಗೆ ಚಾಚಿಕೊಂಡಿತ್ತು. ಹಿಂದೆ ಕೋನ್ ಇಟ್ಟಿದ್ದೆ. ನನ್ನ ಗಾಡಿಯ ಮೇಲೆ ಹಳದಿ ದೀಪ ತಿರುಗುತ್ತಿತ್ತು, ಪಾರ್ಕಿಂಗ್ ಲೈಟ್ ಹೊಡೆದುಕೊಳ್ಳುತ್ತಿತ್ತು, ಮೈಮೇಲೆ ರಿಫ್ಲೆಕ್ಟರ್ ಜಾಕೆಟ್ ಇತ್ತು. ವಿಂಚಿನ ಹುಕ್ ಹಾಕಿಯಾಗಿತ್ತು. ಗಾಡಿಯನ್ನು ಮೇಲಕ್ಕೆ ಎಳೆಯುವ ಮೊದಲು ಸ್ಟೀರಿಂಗ್ ನೇರ ಮಾಡಬೇಕು. ನಮ್ಮ ದೇಶದಲ್ಲಿ ಕೆಟ್ಟ ಗಾಡಿ ನಿಲ್ಲುವುದು ಎಡಕ್ಕೆ, ಡ್ರೈವರ್ ಬಾಗಿಲು ಇರುವುದು ಬಲಕ್ಕೆ. ಅಂದರೆ ಓಡುವ ಗಾಡಿಗಳ ಕಡೆಗೆ. ಎಷ್ಟೇ ಹುಷಾರಾಗಿದ್ದರೂ ಅಲ್ಲೊಂದು ಗಳಿಗೆ ನಿಲ್ಲಲೇಬೇಕು. ಆ ಗಳಿಗೆಯಲ್ಲೇ ಕಾರೊಂದು ಕೋನ್‌ಗಳನ್ನು ಹಾರಿಸಿ, ಪಿಕಪ್‌ನ ಹಿಂದಿನ ಮೂಲೆಯನ್ನು ಸವರಿ, ನನ್ನನ್ನು ಎಸೆಯಿತು.

ಆ ಕಾರಿನ ಹುಡುಗ ಓಡಿಹೋಗಲಿಲ್ಲ. ಬಹಳ ಮುಂದೆ ಹೋಗಿ ನಿಂತು ವಾಪಸು ಓಡಿಬಂದ. ನಡುಗುತ್ತಾ ಅವನು ಹೇಳಿದ ಮಾತು ಇಷ್ಟು: "ಲೈಟ್ ಕಾಣ್ತಿತ್ತು ಅಣ್ಣಾ, ಗಾಡಿ ಹೋಗ್ತಾ ಇದೆ ಅಂದ್ಕೊಂಡೆ."

ಹಾಸಿಗೆಯಲ್ಲಿ ಮಲಗಿ ಎಷ್ಟೋ ಸಲ ಈ ಮಾತನ್ನು ಮೆಲುಕು ಹಾಕಿದ್ದೇನೆ. ಅವನು ಹೇಳಿದ್ದು ಸುಳ್ಳಲ್ಲ. ಕತ್ತಲಲ್ಲಿ ಮುಂದೆ ಮಿನುಗುವ ದೀಪ ಓಡುತ್ತಿದೆಯೋ ನಿಂತಿದೆಯೋ ಅಂತ ಕಣ್ಣಿಗೆ ತಿಳಿಯುವುದು ತೀರಾ ಹತ್ತಿರ ಬಂದ ಮೇಲೆ. ಅದರ ಜೊತೆಗೆ ಮಳೆ ಬಂದರೆ ಸಾಕು, ನಮ್ಮಲ್ಲಿ ಅರ್ಧಕ್ಕರ್ಧ ಜನ ಪಾರ್ಕಿಂಗ್ ಲೈಟ್ ಹಾಕಿಕೊಂಡೇ ಗಾಡಿ ಓಡಿಸುತ್ತಾರೆ. ಸರ್ಕಲ್‌ನಲ್ಲಿ ನೇರ ಹೋಗಬೇಕಾದರೂ ಅದನ್ನೇ ಒತ್ತುತ್ತಾರೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿದರೆ ಗಾಡಿ ನಿಂತಿದೆ ಅಂತ ಅರ್ಥವಾಗಬೇಕಿತ್ತು. ಓಡುವ ಗಾಡಿಗಳೆಲ್ಲ ಅದನ್ನು ಹಾಕಿಕೊಂಡು ಹೊರಟರೆ ನಿಂತವರನ್ನು ಯಾರು ನಂಬಬೇಕು? ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ, 100ರಲ್ಲಿ ಸುಮಾರು 28 ಮೀಟರ್. 'ಅಯ್ಯೋ, ನಿಂತಿದೆ' ಅಂತ ಹೊಳೆದು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಮುಗಿದುಹೋಗಿರುತ್ತದೆ. ಗಾಡಿ ನಿಲ್ಲಲು ಬೇಕಾದ ದೂರ ಬೇರೆ ಉಳಿದಿರುತ್ತದೆ, ಒದ್ದೆ ರಸ್ತೆಯಲ್ಲಿ ಅದು ಇನ್ನೂ ಉದ್ದ. ಆ ಹುಡುಗನ ಮೇಲೆ ನನಗೆ ಕೋಪ ಉಳಿದಿಲ್ಲ. ಆದರೆ ಅವನು ಅಂದುಕೊಂಡಿದ್ದನ್ನು ಇನ್ಯಾರೂ ಅಂದುಕೊಳ್ಳಬಾರದು ಅನ್ನುವ ಹಟ ಉಳಿದಿದೆ.

ಮೊದಲ ಕೃತಜ್ಞತೆ ಹುಬ್ಬಳ್ಳಿ ಕಡೆಯ ಆ ಲಾರಿ ಡ್ರೈವರಣ್ಣನಿಗೆ. ಬ್ಯಾಡಗಿ ಮೆಣಸಿನಕಾಯಿ ಚೀಲ ತುಂಬಿದ ಲಾರಿ. ಆ ಮಳೆಯಲ್ಲೂ ಘಾಟು ನನ್ನ ಮೂಗಿಗೆ ಬಡಿಯುತ್ತಿತ್ತು. ನಾನು ಬಿದ್ದಿದ್ದು ಕಂಡ ತಕ್ಷಣ ಅವರು ನನ್ನ ಹತ್ತಿರ ಓಡಿಬರಲಿಲ್ಲ. ಮೊದಲು ಲಾರಿಯನ್ನು ನಮ್ಮ ಹಿಂದೆ ಸಾಕಷ್ಟು ದೂರದಲ್ಲಿ ಓರೆಯಾಗಿ ನಿಲ್ಲಿಸಿದರು. ಮುಂದಿನ ಚಕ್ರಗಳನ್ನು ನಮ್ಮ ಕಡೆಗಲ್ಲ, ಹೊರಗೆ ಹೊಲದ ಕಡೆಗೆ ತಿರುಗಿಸಿದರು. ಹಿಂದಿನಿಂದ ಯಾರಾದರೂ ಲಾರಿಗೆ ಗುದ್ದಿದರೂ ಅದು ಉರುಳಿಕೊಂಡು ನಮ್ಮ ಮೇಲೆ ಬರಬಾರದಲ್ಲ, ಅದಕ್ಕೆ. ಕ್ಲೀನರ್ ಹುಡುಗನನ್ನು ಟಾರ್ಚು, ಟವೆಲು ಕೊಟ್ಟು ಇನ್ನೂ ಹಿಂದಕ್ಕೆ, ರಸ್ತೆಯಿಂದ ಹೊರಗೆ ನಿಲ್ಲಿಸಿದರು. ಆಮೇಲೆ ಬಂದು ನನ್ನ ತಲೆ ಹತ್ತಿರ ಕೂತು, "ಏಳಬ್ಯಾಡ್ರಿ ಅಣ್ಣಾರ, ಹಂಗ ಮಲಕೊಂಡಿರ್ರಿ, ನಾ ಅದೀನಿ" ಅಂದರು. ಆ ಕ್ರಮವನ್ನು ಅವರಿಗೆ ಯಾರು ಕಲಿಸಿದ್ದರೋ. ಹಿಂದಿನ ಗಾಡಿಗಳನ್ನು ತಡೆಯದೆ ನನ್ನ ಹತ್ತಿರ ಓಡಿಬಂದಿದ್ದರೆ ಅವರೂ ನನ್ನ ಪಕ್ಕದಲ್ಲೇ ಬೀಳಬಹುದಿತ್ತು. 108 ಬಂದ ಮೇಲೆ, ಪೊಲೀಸರು ಕೇಳಿದ್ದಕ್ಕೆ ಉತ್ತರ ಹೇಳಿ ಹೊರಟರಂತೆ. ಅಣ್ಣಾ, ನೀವು ಇದನ್ನು ಓದಿದರೆ ಶಿರಾ ಹತ್ತಿರ ಯಾವ ಟೋಯಿಂಗ್‌ನವರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಮುದ್ದೆ ಊಟಕ್ಕೆ ಬರಲೇಬೇಕು. (ಸಹಾಯ ಮಾಡಿದರೆ ಕೋರ್ಟು, ಸ್ಟೇಷನ್ ಅಲೆಯಬೇಕು ಅಂತ ಈಗಲೂ ಹೆದರುವವರು ಇದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ. ದಯವಿಟ್ಟು ಹೆದರಬೇಡಿ.)

108ರಲ್ಲಿ ಬಂದ ಅಕ್ಕ ಪ್ಯಾಂಟು ಕತ್ತರಿಸಿ ಕಾಲಿಗೆ ಪಟ್ಟಿ ಕಟ್ಟುವಾಗ ಓಡುವ ಗಾಡಿಗಳಿಗೆ ಬೆನ್ನು ಕೊಟ್ಟು ಮಂಡಿಯೂರಿದ್ದರು. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಹೆದ್ದಾರಿ ಗಸ್ತಿನ ಹುಡುಗರು ಕೋನ್‌ಗಳನ್ನು ಹಿಂದಿನಿಂದ ಓರೆಯಾಗಿ ಜೋಡಿಸಿಕೊಂಡು ಬಂದು ಎಡ ಲೇನನ್ನೇ ಮುಚ್ಚಿದರು. ಅವರೆಲ್ಲ ದಿನಾ ಮಾಡುವ ಕೆಲಸ ಇದು. ಅವರ ಬೆನ್ನು ಕಾಯುವುದು ಹಿಂದಿನಿಂದ ಬರುವ ಡ್ರೈವರ್‌ಗಳು ಮಾತ್ರ.

ಹಾಗಾಗಿ ಈ ಬರಹ ಮುಖ್ಯವಾಗಿ ನಿಮಗೆ, ಆ ರಾತ್ರಿ ದೀಪ ಕಂಡ ಕೂಡಲೇ ವೇಗ ಇಳಿಸಿ ಬಲ ಲೇನಿಗೆ ಸರಿದು ಹೋದ ಬಸ್ಸಿನವರಿಗೆ, ಲಾರಿಯವರಿಗೆ, ಕಾರಿನವರಿಗೆ. ನಾನು ನೆಲದ ಮೇಲೆ ಮಲಗಿದ್ದೆ, ನಿಮ್ಮ ಚಕ್ರಗಳ ಸದ್ದು ನನ್ನ ಕಿವಿಗೆ ನೇರವಾಗಿ ಬರುತ್ತಿತ್ತು. ದೂರದಲ್ಲೇ ಗೇರ್ ಇಳಿಸಿದವರು ಯಾರು, ಹತ್ತಿರ ಬಂದು ಬ್ರೇಕ್ ಒತ್ತಿದವರು ಯಾರು ಅಂತ ಸದ್ದಿನಲ್ಲೇ ತಿಳಿಯುತ್ತಿತ್ತು. ನಿಮ್ಮಲ್ಲಿ ಒಬ್ಬರು ಎಡಕ್ಕೇ ನುಗ್ಗಿದ್ದರೂ ನಾನೂ ಇರುತ್ತಿರಲಿಲ್ಲ, ಆ ಅಕ್ಕನೂ ಇರುತ್ತಿರಲಿಲ್ಲ. ನಿಮಗೆ ಅದು ನೆನಪೇ ಇರಲಿಕ್ಕಿಲ್ಲ. ಯಾವುದೋ ಆಕ್ಸಿಡೆಂಟ್ ಅಂದುಕೊಂಡು ಮುಂದೆ ಹೋಗಿರುತ್ತೀರಿ. ನನ್ನ ಮಗಳಿಗೆ ಅಪ್ಪ ಉಳಿದಿದ್ದು ಅದರಿಂದ.

ಮೊದಲ ಅಪಘಾತಕ್ಕಿಂತ ಅದರ ಹಿಂದೆಯೇ ಆಗುವ ಎರಡನೆಯದು ಘೋರ. 2023ರ ಜುಲೈ 20ರ ನಡುರಾತ್ರಿ ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯಲ್ಲಿ ಆಗಿದ್ದು ಅದೇ. ಆಗಲೇ ಆಗಿದ್ದ ಅಪಘಾತದ ಸುತ್ತ ಪೊಲೀಸರು, ಜನ ಸೇರಿದ್ದಾಗ ಅತಿವೇಗದ ಕಾರೊಂದು ಅವರ ಮೇಲೆಯೇ ನುಗ್ಗಿತು. ಒಂಬತ್ತು ಜನ ಸತ್ತರು. ಡ್ಯೂಟಿಯಲ್ಲಿದ್ದ ಪೊಲೀಸ್ ಕಾನ್‌ಸ್ಟೇಬಲ್, ಹೋಮ್‌ಗಾರ್ಡ್ ಕೂಡ ಅದರಲ್ಲಿದ್ದರು. ಆ ಸುದ್ದಿ ಬಂದಾಗ ನಮ್ಮ ಗ್ಯಾರೇಜಿನಲ್ಲಿ ಯಾರಿಗೂ ಊಟ ಸೇರಲಿಲ್ಲ.

ನನ್ನ ಅಕ್ಕನ ಮಗಳು ಅಮೆರಿಕದ ಟೆಕ್ಸಾಸಿನಲ್ಲಿದ್ದಾಳೆ. ವಿಷಯ ತಿಳಿದು ಫೋನ್ ಮಾಡಿದವಳು, "ಮಾವ, ಇಲ್ಲಿ ಇದಕ್ಕೆ ಕಾನೂನೇ ಇದೆ" ಅಂದಳು. ರಸ್ತೆ ಬದಿ ದೀಪ ಹಾಕಿ ನಿಂತ ಪೊಲೀಸ್, ಆಂಬುಲೆನ್ಸ್, ಟೋಯಿಂಗ್ ಗಾಡಿ ಕಂಡರೆ ಅದರ ಪಕ್ಕದ ಲೇನು ಬಿಟ್ಟು ಆಚೆಗೆ ಸರಿಯಬೇಕು. ಸರಿಯಲು ಆಗದಿದ್ದರೆ ನಿಗದಿ ವೇಗಕ್ಕಿಂತ ಗಂಟೆಗೆ 20 ಮೈಲಿ ಕಡಿಮೆ ಮಾಡಬೇಕು. ಅಲ್ಲಿ ಇಂಥ ಕಾನೂನು ಮೊದಲು ಬಂದಿದ್ದು ಸೌತ್ ಕೆರೊಲಿನಾದಲ್ಲಿ, 1996ರಲ್ಲಿ. ಅದರ ಹಿಂದೆ ಜೇಮ್ಸ್ ಗಾರ್ಸಿಯಾ ಎಂಬ ಆಂಬುಲೆನ್ಸ್ ಸಿಬ್ಬಂದಿಯ ಓಡಾಟ ಇತ್ತು. 1994ರಲ್ಲಿ ಅಪಘಾತದ ಜಾಗದಲ್ಲಿ ಕೆಲಸ ಮಾಡುತ್ತಿದ್ದ ಆತನಿಗೆ ಗಾಡಿ ಬಡಿಯಿತು. ತಪ್ಪು ಆತನದೇ ಅಂತ ದಾಖಲಾಯಿತು. ಗಾಯಗೊಂಡವನ ಮೇಲೆಯೇ ತಪ್ಪು ಹೊರಿಸುವ ಕಾನೂನು ಬದಲಾಗಬೇಕು ಅಂತ ಆತ ಪಟ್ಟು ಹಿಡಿದ. 2012ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ಏಳು ಸಮುದ್ರದಾಚೆಯ ಆ ಮನುಷ್ಯನಿಗೂ ನನ್ನ ನಮಸ್ಕಾರ. ನಮ್ಮಲ್ಲಿ ಸೈರನ್ ಹಾಕಿ ಓಡುವ ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಂತ 2019ರಿಂದ ಕಾನೂನಿದೆ, ಒಳ್ಳೆಯದೇ. ಅದೇ ಆಂಬುಲೆನ್ಸ್ ನಿಂತ ಮೇಲೆ ಅದರಿಂದ ಇಳಿದವರಿಗೂ ಅಷ್ಟೇ ಮರ್ಯಾದೆ ಸಿಗಬೇಕು.

ಕೆಲವು ಮಾತು ಕೇಳಿಕೊಳ್ಳುತ್ತೇನೆ, ನಿಮ್ಮ ಮನೆಯ ಅಣ್ಣನೋ ತಮ್ಮನೋ ಹೇಳಿದ ಅಂದುಕೊಳ್ಳಿ. ಮುಂದೆ ಮಿನುಗುವ ದೀಪ ಕಂಡರೆ ಅದು ನಿಂತಿದೆ, ಪಕ್ಕದಲ್ಲಿ ಯಾರೋ ಬಗ್ಗಿ ಕೆಲಸ ಮಾಡುತ್ತಿದ್ದಾರೆ ಅಂತಲೇ ಮೊದಲು ತಿಳಿಯಿರಿ. ಆಕ್ಸಿಲರೇಟರಿಂದ ಕಾಲು ತೆಗೆಯಿರಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ ಬಲಕ್ಕೆ ಬನ್ನಿ. ದೀಪವನ್ನೇ ದಿಟ್ಟಿಸಬೇಡಿ, ಕಣ್ಣು ಎಲ್ಲಿಗೆ ಹೋಗುತ್ತದೋ ಸ್ಟೀರಿಂಗೂ ಅಲ್ಲಿಗೇ ಹೋಗುತ್ತದೆ. ಮೊಬೈಲಲ್ಲಿ ವಿಡಿಯೋ ಮಾಡುತ್ತಾ ಪಕ್ಕದಲ್ಲಿ ತೆವಳಬೇಡಿ. ನಿಮ್ಮದೇ ಗಾಡಿ ಕೆಟ್ಟರೆ ಎಲ್ಲರೂ ಎಡ ಬಾಗಿಲಿನಿಂದ ಇಳಿದು ಕಬ್ಬಿಣದ ತಡೆಗಂಬಿಯ ಆಚೆಗೆ ಹೋಗಿ ನಿಲ್ಲಿ. ಡಿಕ್ಕಿ ಹಿಂದೆ ನಿಂತು ಫೋನಿನಲ್ಲಿ ಮಾತಾಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. 1033ಕ್ಕೆ ಫೋನ್ ಮಾಡಿದರೆ ಹೆದ್ದಾರಿ ಗಸ್ತಿನವರು ಬರುತ್ತಾರೆ. ಲಾರಿ ಅಣ್ಣಂದಿರೇ, ಗಾಡಿ ಹಿಂದೆ ಕಲ್ಲು, ಸೊಪ್ಪು ಇಡುವ ಬದಲು ಕೆಂಪು ತ್ರಿಕೋನ ಇಡಿ. ಬೇರೆ ದಾರಿಯೇ ಇಲ್ಲದೆ ಕಲ್ಲಿಟ್ಟರೆ ಹೊರಡುವಾಗ ತೆಗೆದು ಬದಿಗೆ ಹಾಕಿ. ನೀವು ಬಿಟ್ಟುಹೋದ ಕಲ್ಲಿಗೆ ಬೈಕಿನವರು ಬಿದ್ದಿದ್ದನ್ನು ನಾನು ಎತ್ತಿದ್ದೇನೆ.

ಮನೆಯಲ್ಲಿ ಬಿದ್ದಿದ್ದಾಗ ಗಾಡಿಯ ಕಂತು ಕಟ್ಟಿದ್ದು ಜೊತೆಗಾರ ಟೋಯಿಂಗ್‌ನವರು. ಬಂದ ಬಾಡಿಗೆಯನ್ನು ಸರದಿಯಂತೆ ನನ್ನ ಗಾಡಿಗೂ ಹಂಚಿ, ತಾವೇ ಓಡಿಸಿ, ದುಡ್ಡು ತಂದುಕೊಟ್ಟರು. ನನ್ನಾಕೆ ಹಗಲು ನನ್ನನ್ನು ನೋಡಿಕೊಂಡು ರಾತ್ರಿ ಹೊಲಿಗೆ ಮೆಷಿನ್ ತುಳಿದಳು. ಮತ್ತೆ ಹೈವೇಗೆ ಹೋಗುತ್ತೇನೆ ಅಂದಾಗ ಅತ್ತಳು, ಆದರೆ ಬೇಡ ಅನ್ನಲಿಲ್ಲ. ಅವಳಿಗೆ ಮಾತು ಕೊಟ್ಟಂತೆ ಈಗ ರಾತ್ರಿ ಒಬ್ಬನೇ ಹೋಗುವುದಿಲ್ಲ. ಜೊತೆಗೆ ಒಬ್ಬ ಹುಡುಗ ಬರುತ್ತಾನೆ. ನಾನು ಹುಕ್ ಹಾಕಿ ಮುಗಿಸುವ ತನಕ ಅವನಿಗೆ ಬೇರೆ ಕೆಲಸ ಇಲ್ಲ. ತಡೆಗಂಬಿಯ ಆಚೆ ನಿಂತು ಹಿಂದಿನಿಂದ ಬರುವ ಗಾಡಿ ನೋಡುವುದು, ಎಡವೇ ಹಿಡಿದು ಬರುವವರು ಕಂಡರೆ ಸೀಟಿ ಊದುವುದು, ಅಷ್ಟೇ. ಅವನ ಕೂಲಿಯೂ ಬಿಲ್ಲಿನಲ್ಲಿ ಸೇರುತ್ತದೆ. ಇಬ್ಬರು ಯಾಕೆ ಅಂತ ಚೌಕಾಸಿ ಮಾಡದೆ ಕೊಡುತ್ತಿರುವ ಗಿರಾಕಿಗಳಿಗೂ ನಾನು ಋಣಿ.