ಬಾಗಿಲು ಕಾಯ್ದ ಸಂತರಿಗೂ ನಾಲ್ಕು ಸಾಲು ಕೊಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ದಿನವಿಶೇಷ ಅಂಕಣದಲ್ಲಿ ಬೆರಳೆಣಿಕೆಯಷ್ಟು ಕಥೋಲಿಕ ಸಂತರು ಮಾತ್ರ ವರ್ಷ ವರ್ಷವೂ ಕಾಣಿಸಿಕೊಳ್ಳುತ್ತಾರೆ: ಅಸ್ಸಿಸಿಯ ಫ್ರಾನ್ಸಿಸ್, ಪಾದುವದ ಅಂತೋಣಿ, ಮದರ್ ತೆರೇಸಾ. ಅವರು ಬರಲೇಬೇಕು. ಆದರೆ ಗುಲಾಮರಾಗಿ ಬಿಕರಿಯಾದವರು, ಮಠದ ಬಾಗಿಲು ಕಾಯುತ್ತಲೇ ಆಯುಷ್ಯ ಕಳೆದವರು ಕೂಡ ಸಂತರಾಗಿದ್ದಾರೆ. ಅವರ ಹಬ್ಬದ ದಿನ ಯಾರ ಗಮನಕ್ಕೂ ಬಾರದೆ ಸರಿದುಹೋಗುವುದು ನನಗೆ ನಿಜಕ್ಕೂ ನೋವಿನ ವಿಷಯ.

ಫೆಬ್ರುವರಿ 8 ಜೋಸೆಫಿನ್ ಬಖೀತಾ ಅವರ ಹಬ್ಬ. ಸುಡಾನಿನ ಡಾರ್ಫರ್‌ನಲ್ಲಿ 1869ರ ಸುಮಾರಿಗೆ ಹುಟ್ಟಿದ ಈ ಹುಡುಗಿಯನ್ನು ಎಳೆಯ ವಯಸ್ಸಿನಲ್ಲೇ ಗುಲಾಮರ ವ್ಯಾಪಾರಿಗಳು ಎತ್ತಿಕೊಂಡು ಹೋದರು. ಭಯಕ್ಕೆ ಹೆತ್ತವರಿಟ್ಟ ಹೆಸರೇ ಮರೆತುಹೋಯಿತು. ಹಿಡಿದವರು ಕರೆದ ‘ಬಖೀತಾ’ ಎಂಬ ಹೆಸರಿಗೆ ಅರಬ್ಬಿಯಲ್ಲಿ ಅದೃಷ್ಟವಂತೆ ಎಂದರ್ಥ! ಒಂದು ಮನೆಯಲ್ಲಿ ಆಕೆಯ ಮೈಮೇಲೆ ಹರಿತವಾದ ಅಲಗಿನಿಂದ ಚಿತ್ತಾರ ಕೊಯ್ದು, ಗುರುತು ಅಳಿಯದಿರಲೆಂದು ಗಾಯಕ್ಕೆ ಉಪ್ಪು ತಿಕ್ಕಿದರು. ಕೊನೆಗೆ ಇಟಲಿಗೆ ಬಂದಾಗ, ಯಜಮಾನಿತಿ ವಾಪಸು ಕರೆದೊಯ್ಯಲು ನಿಂತರೂ ಬಖೀತಾ ಒಪ್ಪಲಿಲ್ಲ. 1889ರಲ್ಲಿ ವೆನಿಸ್‌ನ ನ್ಯಾಯಾಲಯ ಆಕೆ ಸ್ವತಂತ್ರಳು ಎಂದು ತೀರ್ಪು ಕೊಟ್ಟಿತು. ಮುಂದೆ ಕನೋಸಿಯನ್ ಸಭೆಯ ಧರ್ಮಭಗಿನಿಯಾಗಿ, ಸ್ಕಿಯೋ ಊರಿನ ಕಾನ್ವೆಂಟಿನಲ್ಲಿ ಅಡುಗೆ ಮಾಡಿದರು, ಹೊಲಿದರು, ಬಾಗಿಲು ಕಾಯ್ದರು. ಓಡಾಡುವ ಹಕ್ಕೇ ಇಲ್ಲದೆ ಬೆಳೆದ ಹೆಣ್ಣುಮಗಳು ಬಂದವರಿಗೆಲ್ಲ ಬಾಗಿಲು ತೆರೆಯುತ್ತ ನಿಂತದ್ದನ್ನು ನೆನೆದಾಗೆಲ್ಲ ನನ್ನ ಕಣ್ಣು ತೇವವಾಗುತ್ತದೆ. 2000ದಲ್ಲಿ ಅವರಿಗೆ ಸಂತ ಪದವಿ ದೊರೆಯಿತು. 2015ರಿಂದ ಅವರ ಹಬ್ಬದಂದೇ ಮಾನವ ಕಳ್ಳಸಾಗಣೆಯ ವಿರುದ್ಧ ಧರ್ಮಸಭೆ ಪ್ರಾರ್ಥನಾ ದಿನ ಆಚರಿಸುತ್ತಿದೆ.

ಬಾಗಿಲು ಕಾಯ್ದವರು ಇನ್ನೂ ಇದ್ದಾರೆ. ಜರ್ಮನಿಯ ಆಲ್ಟೋಟಿಂಗ್‌ನ ಕಪುಚಿನ್ ಮಠದಲ್ಲಿ ರೈತನ ಮಗ ಕಾನ್ರಾಡ್ 41 ವರ್ಷ, ಯಾರಾದರೂ ಗಂಟೆ ಬಾರಿಸಿದಾಗೆಲ್ಲ ಎದ್ದು ಬಾಗಿಲಿಗೆ ನಡೆದರು. ಅವರ ಹಬ್ಬ ಏಪ್ರಿಲ್ 21. ಕೆನಡಾದ ಮಾಂಟ್ರಿಯಲ್‌ನ ಆಂಡ್ರೆ ಬೆಸೆಟ್ ಬಾಲ್ಯದಲ್ಲೇ ತಬ್ಬಲಿಯಾದವರು. ಓದುಬರಹ ಅಷ್ಟಕ್ಕಷ್ಟೆ. ಆರೋಗ್ಯ ಸರಿಯಿಲ್ಲವೆಂದು ಅವರನ್ನು ಮಠಕ್ಕೆ ಸೇರಿಸಿಕೊಳ್ಳಲೂ ಹಿಂದೆಮುಂದೆ ನೋಡಿದ್ದರು. ಕಾಲೇಜೊಂದರ ದ್ವಾರಪಾಲಕರಾಗಿ ಸುಮಾರು 40 ವರ್ಷ ದುಡಿದ ಅವರು 1937ರ ಜನವರಿ 6ರಂದು, ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಬಂದರು.

ದಿನಾಂಕದ ವಿಷಯದಲ್ಲಿ ಒಂದು ಮಾತು. ಸಂತರ ಹಬ್ಬವನ್ನು ಹುಟ್ಟಿದ ದಿನವೆಂದು ಬರೆಯುವವರುಂಟು, ಅದು ತಪ್ಪು. ಸಾಮಾನ್ಯವಾಗಿ ಅದು ಸಾವಿನ ದಿನ. ಸ್ವರ್ಗದಲ್ಲಿ ಹುಟ್ಟಿದ ದಿನವೆಂಬ ಭಾವದಿಂದ ಅದನ್ನು ಹಬ್ಬವಾಗಿ ಆಚರಿಸುತ್ತಾರೆ. ಇದಕ್ಕೂ ಅಪವಾದಗಳಿವೆ. ಹವಾಯಿಯ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ಬದುಕಿ, ಅದೇ ರೋಗಕ್ಕೆ ತುತ್ತಾದ ಸಂತ ದಾಮಿಯನ್ ತೀರಿಕೊಂಡದ್ದು 1889ರ ಏಪ್ರಿಲ್ 15ರಂದು. ಹಬ್ಬವಿರುವುದು ಮೇ 10ಕ್ಕೆ, ಅಂದರೆ 1873ರಲ್ಲಿ ಅವರು ಆ ದ್ವೀಪಕ್ಕೆ ಕಾಲಿಟ್ಟ ದಿನಕ್ಕೆ. ಆದ್ದರಿಂದ ಒಮ್ಮೆ ತಾಳೆ ನೋಡಿ ಅಚ್ಚುಮಾಡಬೇಕೆಂದು ವಿನಂತಿ.

ಪುಟಗಟ್ಟಲೆ ಜಾಗ ಬೇಡ, ನಾಲ್ಕು ಸಾಲು ಸಾಕು. ಹನ್ನೆರಡನೆಯ ವಯಸ್ಸಿಗೆ ಇಟಲಿಯ ಲುಕ್ಕಾದ ಒಂದು ಮನೆಗೆ ಕೆಲಸಕ್ಕೆ ಸೇರಿ, 1272ರಲ್ಲಿ ಸಾಯುವವರೆಗೂ ಅಲ್ಲೇ ದುಡಿದ ಸಂತ ಜೀತಾ ಅವರ ಹಬ್ಬ ಏಪ್ರಿಲ್ 27ರಂದು ಬರುತ್ತದೆ. ಅವರಿಂದಲೇ ಶುರುಮಾಡಬಹುದು.

ಇಂತಿ,
ನಿಮ್ಮ ನಿತ್ಯದ ಓದುಗ